ಹಿಂದಿನ ಸೀಟಿನ ದೇಶಗಳು

ನಾನು ಕಂಡ ದೇಶಗಳೆಲ್ಲ
ನನ್ನ ಜೀಪಿನ ಹಿಂದಿನ ಸೀಟಿನಲ್ಲೇ ಕೂತಿದ್ದವು.
ಮೂಡಲಿಗೆ ಮೈಸೂರು, ಪಡುವಲಿಗೆ ತಲಶ್ಶೇರಿ,
ಅದರಾಚೆ ಈ ಮೊಯ್ದು ಕಾಲಿಟ್ಟವನಲ್ಲ.
ಆದರೂ ಬಲ್ಲೆ:
ಜಪಾನು ಇಳಿಯುವ ಮುನ್ನ ಸೀಟು ಒರೆಸುತ್ತದೆ,
ಫ್ರಾನ್ಸಿಗೆ ನಾಪೋಕ್ಲು ತಿರುವಿನಲ್ಲಿ ವಾಂತಿ,
ನಾರ್ವೆ ನಮ್ಮ ಚಳಿ ನೋಡಿ ನಗುತ್ತದೆ.

ಡಿಸೆಂಬರಿನ ಒಂದು ಬೆಳಿಗ್ಗೆ, ಕುಶಾಲನಗರದಲ್ಲಿ,
ಇಥಿಯೋಪಿಯಾ ಹತ್ತಿತು.
ತಾಯಿ, ಮಗಳು.
ಮಗಳು ಹೆವಾನ್ ಮೈಸೂರಿನಲ್ಲಿ ಫಾರ್ಮಸಿ ಓದುವವಳು,
ಮೆಸ್ಸಿನಲ್ಲಿ ಕಲಿತ ಕನ್ನಡ:
‘ಚಿಲ್ರೆ ಇಲ್ಲ’, ‘ಸಾಂಬಾರ್ ಸಾಕು’, ‘ಸ್ವಲ್ಪ ಅಡ್ಜಸ್ಟ್ ಮಾಡಿ’.
ತಾಯಿಯ ತೊಡೆಯ ಮೇಲೆ ಸ್ವೆಟರಿನಲ್ಲಿ ಸುತ್ತಿದ್ದು ಏನೋ,
ಹಸುಗೂಸಿನ ಹಾಗೆ.
ಗುಂಡಿ ಸಿಕ್ಕಾಗಲೆಲ್ಲ ನನ್ನ ಬೆನ್ನಿಗೆ ಅವಳ ಭಾಷೆಯಲ್ಲೊಂದು ಬೈಗುಳ.
ಬೈಗುಳಕ್ಕೆ ಅನುವಾದ ಬೇಕಿಲ್ಲ.

ಕಕ್ಕಬೆ. ತಡಿಯಂಡಮೋಳಿನ ನೆತ್ತಿ ಮಂಜಿನೊಳಗೆ.
ಹೋಂಸ್ಟೇಯ ಕಣದಲ್ಲಿ ಪೊನ್ನವ್ವ
ಒಣಹಾಕಿದ ಕಾಫಿಹಣ್ಣು ಕೆದಕುತ್ತಿದ್ದಳು.
ಆ ತಾಯಿ ಚಪ್ಪಲಿ ಬಿಟ್ಟಳು,
ಕೆಂಪಿನ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತಳು,
ಒಂದು ಹಿಡಿ ಎತ್ತಿ ಮೂಸಿ
‘ಬುನ್ನಾ’ ಅಂದಳು,
ಬೇಲಿ ಹಾರಿ ಹೋದ ಕರುವನ್ನು ಕರೆದ ಹಾಗೆ.

‘ಹೆಸರೇನು ನಿಮ್ಮದು?’ ಕೇಳಿದಳು ಪೊನ್ನವ್ವ.
‘ವರ್ಕ್‌ನೆಶ್.’
‘ಅಂದರೆ?’
ಹೆವಾನ್ ತಡವರಿಸಿದಳು,
ಪೊನ್ನವ್ವನ ಕಿವಿಯೋಲೆಗೆ ಬೆರಳು ತೋರಿಸಿದಳು:
‘ಇದು. ನೀನು, ಇದು.’
ಪೊನ್ನವ್ವ ಕೈಯ ಗೋರುಮಣೆ ಕೆಳಗಿಟ್ಟಳು.
ಪೊನ್ನು ಎಂದರೂ ಅದೇ ಅಲ್ಲವೇ.
ಎದೆ ಮುಟ್ಟಿಕೊಂಡು ಅಂದಳು: ‘ನಾನೂ ಇದೇ.’

ಸಂಜೆ ಸ್ವೆಟರಿನೊಳಗಿಂದ ಹೊರಬಂತು
ಸಪೂರ ಕತ್ತಿನ ಕರಿಮಣ್ಣಿನ ಹೂಜಿ.
ನೆಲಕ್ಕೆ ಹಸಿ ಹುಲ್ಲು, ಗೆರಟೆಯಲ್ಲಿ ಸಾಂಬ್ರಾಣಿ,
ಪೊನ್ನವ್ವನ ರೊಟ್ಟಿ ಓಡಿನ ಮೇಲೆ ಚಟಪಟ ಬೀಜ.
ಹುರಿದ ಹೊಗೆಯನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದಳು;
ಉಸಿರಲ್ಲಿ ಕುಡಿಯಬೇಕಂತೆ ಮೊದಲು.
ನಂಚಿಕೊಳ್ಳಲು ಸುಟ್ಟ ಹಲಸಿನ ಬೀಜ.
ಪೊನ್ನವ್ವ ಬೆಲ್ಲ ತಂದಳು. ಅವಳ ಅಜ್ಜಿ ಉಪ್ಪು ಹಾಕುತ್ತಿದ್ದಳಂತೆ.
ಬೆಲ್ಲವೋ ಉಪ್ಪೋ ಎಂದು ಇಬ್ಬರು ಚಿನ್ನದವರು
ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೇ
ಅರ್ಧ ಗಂಟೆ ಜಗಳವಾಡಿದರು.

ನನಗೂ ಬಾಯಿ ಸುಮ್ಮನಿರಲಿಲ್ಲ.
ಏಳು ಬೀಜ ಮಡಿಲಲ್ಲಿ ಅಡಗಿಸಿ
ಕಡಲು ದಾಟಿಸಿ ತಂದ ಫಕೀರನ ಕತೆ ಹೇಳಿದೆ.
ಹೆವಾನ್ ತಾಯಿಯ ಕಿವಿಗೆ ಅದನ್ನು ದಾಟಿಸಿದಳು.
ವರ್ಕ್‌ನೆಶ್ ನನ್ನನ್ನು ನೋಡಿದಳು, ಬಹಳ ಹೊತ್ತು,
ತಲೆಮಾರುಗಳ ಹಿಂದಿನ ಕಳ್ಳನ ಮೊಮ್ಮಗ ಸಿಕ್ಕ ಹಾಗೆ.
‘ಓಹೋ,’ ಅಂದಳು, ‘ಏಳು.’

ಮೊದಲ ಸುತ್ತು ಅಬೋಲ್. ಎರಡನೆಯದು ತೋನಾ.
ಮೂರನೆಯದಕ್ಕೆ ಮನೆಯಲ್ಲಿದ್ದವರೆಲ್ಲ ಕೂರಬೇಕು.
ಹೊಸ್ತಿಲಾಚೆ ಬುಟ್ಟಿ ಇಳಿಸುತ್ತಿದ್ದ ಎರವರ ಚೋಮಿಯನ್ನು
ಕೈಹಿಡಿದು ಒಳಗೆ ಕರೆತಂದಳು.
ಪೊನ್ನವ್ವ ಒಂದು ಗಳಿಗೆ ಒಲೆಯ ಕಡೆ ನೋಡಿದಳು.
ಆಮೇಲೆ ಚಾಪೆ ಸರಿಸಿದಳು.
ಚೋಮಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು:
‘ಇಷ್ಟು ಕಹಿಗಾ, ಇಷ್ಟು ವರ್ಷ ಬುಟ್ಟಿ ಹೊತ್ತದ್ದು?’
ಹೆವಾನ್ ಅದನ್ನು ಮಾತ್ರ ಅನುವಾದಿಸಲಿಲ್ಲ.

‘ಈ ಸುತ್ತಿನ ಹೆಸರೇನು?’
‘ಬರಕಾ.’
ಲೋಟ ನನ್ನ ತುಟಿಯ ಹತ್ತಿರವೇ ನಿಂತಿತು.
ಅಕ್ಕಿ ಪೆಟ್ಟಿಗೆಯ ಮುಚ್ಚಳ ತೆರೆಯುವಾಗಲೆಲ್ಲ
ಉಮ್ಮ ಹೇಳುತ್ತಿದ್ದಳು, ಬರ್ಕತ್ ಇರಲಿ, ಬರ್ಕತ್ ಇರಲಿ.
ತಳ ಕಾಣುವಾಗ ಇನ್ನೂ ಜೋರಾಗಿ.
ನಮ್ಮ ಮನೆಯ ಮಾತು ಎಂದುಕೊಂಡಿದ್ದೆ.

ಮೂರನೆಯ ದಿನ ಹೊರಟರು. ಗೇಟಿನ ಬಳಿ ‘ನಿಲ್ಲಿಸು’ ಅಂದಳು,
ಇಳಿದು ಗಿಡದಿಂದ ಹಣ್ಣು ಕಿತ್ತಳು,
ಎಲ್ಲರಿಗೂ ಕೇಳುವಂತೆ ತನ್ನ ಭಾಷೆಯಲ್ಲಿ ಎಣಿಸುತ್ತಾ.
ಏಳು.
ಸೆರಗಿನ ತುದಿಗೆ ಗಂಟು ಹಾಕಿ
ನನ್ನ ಕಡೆ ಅಂಗೈ ಕೊಡವಿ ತೋರಿಸಿದಳು: ಚುಕ್ತಾ.
ಪೊನ್ನವ್ವ ನಕ್ಕಳು, ಅತ್ತಳು, ಮತ್ತೆ
ಬೆಲ್ಲದ ಅಚ್ಚೊಂದನ್ನು ಕಿಟಕಿಯಿಂದ ಒಳಗೆ ಎಸೆದಳು.

ವಾರದ ಮೇಲೆ ಜೀಪು ತೊಳೆಯುವಾಗ
ಹಿಂದಿನ ಸೀಟಿನ ಅಡಿ, ಜಪಾನಿನ ಟಿಶ್ಯೂ ಕಾಗದದ ಪಕ್ಕ,
ಸುಕ್ಕುಗಟ್ಟಿದ ಒಂದು ಹಣ್ಣು ಸಿಕ್ಕಿತು.
ಆರು ಮಾತ್ರ ಮನೆ ಸೇರಿವೆ.
ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದೇನೆ.
ಮುಂದಿನ ಸವಾರಿಯವರು ಕೇಳಿದರೆ ಹೇಳುತ್ತೇನೆ,
ಅದು ಮಾರಾಟಕ್ಕಲ್ಲ,
ಒಬ್ಬರಿಗೆ ಕೊಡುವುದಿದೆ.